ಅಂಗೈಗೆ ಮೊದಲು ಬರುವ ಗಾಡಿ

ವಾಡಿಗೂ ಸೇಡಂಗೂ ನಡುವೆ, ರೈಲುಹಳಿಗೆ ಅಂಟಿಕೊಂಡಂತೆ ನಮ್ಮ ಶಾಲೆ. ಸುಮ್ಮನೆ ಹೇಳುವ ಮಾತಲ್ಲ. ನಲಿಕಲಿ ಕೋಣೆಯ ಕಿಟಕಿಯಿಂದ ಮಕ್ಕಳು ಕೈ ಬೀಸಿದರೆ ಗಾಡಿಯ ಗಾರ್ಡು ತಿರುಗಿ ಕೈ ಬೀಸುತ್ತಾನೆ. ಶಹಾಬಾದಿನಿಂದ ಬಸ್ಸು ಹಿಡಿದು, ಅದರಿಂದಿಳಿದು ಟಂಟಂ ಹತ್ತಿ ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅರ್ಧ ತಾಳ್ಮೆ ದಾರಿಯಲ್ಲೇ ಖರ್ಚಾಗಿರುತ್ತದೆ. ಉಳಿದರ್ಧವನ್ನು ಮಾಲಗಾಡಿ ಹೊತ್ತುಕೊಂಡು ಹೋಗುತ್ತಿತ್ತು.

ಬೋರ್ಡಿನ ಮೇಲೆ 'ಮ' ಬರೆದು, ಪಕ್ಕದಲ್ಲಿ 'ರ' ಬರೆದು, "ಏನಿದು?" ಎಂದು ಕೇಳಿರುತ್ತೇನೆ. ಇನ್ನೇನು ಉತ್ತರ ಬಂತು ಅನ್ನುವಾಗ ಕೂ ಎಂಬ ಕೂಗು. ಇಡೀ ತರಗತಿ ಎದ್ದು ಕಿಟಕಿಗೆ! ಗಾಡಿ ಹೋದ ಮೇಲೆ ಒಬ್ಬೊಬ್ಬರನ್ನೇ ಎಳೆತಂದು ಕೂರಿಸಿ ಮತ್ತೆ 'ಮ'ದಿಂದ ಶುರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗಾಡಿಗೂ ಬೈದೆ, ಹಳಿಗೂ ಬೈದೆ.

ನಮ್ಮ ಹೆಡ್‌ಮಾಸ್ತರರು ಕೇಳಿ ಕೇಳಿ ಸಾಕಾಗಿ ನಕ್ಕರು. "ಕುಣಿಲಾಕ ಬರದಾಕಿ ನೆಲಾ ಡೊಂಕು ಅಂದಳಂತ, ಹಂಗಾತು ನಿಮ್ದು" ಎಂದರು. ಆದರೂ ಮನುಷ್ಯ ಒಳ್ಳೆಯವರು, ನನ್ನ ಕಷ್ಟಕ್ಕೊಂದು ದಾರಿ ಹುಡುಕಿದರು: ಕಿಟಕಿಯನ್ನೇ ಕಲ್ಲು ಕಟ್ಟಿ ಮುಚ್ಚಿಸುವುದು. "ಗಾಡಿ ಕಾಣದಿದ್ರ ಬೋರ್ಡ ನೋಡ್ತಾರ, ಮತ್ತೇನ್ ಮಾಡ್ತಾರ್ರಿ?" ಎರಡು ದಿನದಲ್ಲಿ ಶಹಾಬಾದಿ ಕಲ್ಲುಗಳು ಬಂದು ಗೋಡೆಗೆ ಒರಗಿ ನಿಂತವು. ಸದ್ಯ ಬದುಕಿದೆ ಎಂದುಕೊಂಡೆ.

ಆ ಕಲ್ಲು ನೋಡಿ ಮುಖ ಚಿಕ್ಕದು ಮಾಡಿಕೊಂಡವಳು ಎರಡನೇ ತರಗತಿಯ ಒಬ್ಬ ಹುಡುಗಿ. ಚಿಂಚೋಳಿ ಕಡೆಯ ಐನಾಪುರದಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದು ಆ ವರ್ಷವಷ್ಟೇ ಅಪ್ಪನ ಹತ್ತಿರ ಬಂದಿದ್ದಳು. ಅಪ್ಪನಿಗೆ ರೈಲ್ವೆಯಲ್ಲಿ ಹಳಿ ನೋಡುತ್ತ ನಡೆಯುವ ಕೆಲಸ. ದಿನವೂ ಹೆಗಲ ಮೇಲೆ ಸುತ್ತಿಗೆ ಹೊತ್ತು ನಮ್ಮ ಕಿಟಕಿಯ ಮುಂದೆ ಹಾದುಹೋಗುತ್ತಿದ್ದ. ಅವನನ್ನು ಕಾಣುವ ತನಕ ಇವಳು ಪುಸ್ತಕ ತೆಗೆಯುತ್ತಿರಲಿಲ್ಲ. ಕಂಡ ಮೇಲೂ ಕೂತಲ್ಲಿ ಕೂರುತ್ತಿರಲಿಲ್ಲ ಅನ್ನಿ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು.

"ಟೀಚರ್ರಿ, ಕಿಡಕಿ ಮುಚ್ಚತಾರೇನ್ರಿ?"

"ಹೂಂ."

"ಹಂಗಾರ ನಾ ಸಾಲಿಗಿ ಬರಾಂಗಿಲ್ರಿ. ಐನಾಪುರಕ್ಕ ಹೋಗ್ತೀನಿ."

ಹೆದರಿಸುವ ದನಿಯಲ್ಲ, ನಿಶ್ಚಯ ಮಾಡಿದ ದನಿ. ಈ ಮಗು ಹೇಳಿದ್ದನ್ನು ಮಾಡುವಂಥದ್ದೇ. ಎರಡಕ್ಷರ ಕೂಡಿಸಿ ಓದಲು ಈಗಷ್ಟೇ ಕಲಿತಿತ್ತು.

ಅದೇ ತಳಮಳದಲ್ಲಿದ್ದೆ, ಮರುದಿನ ತರಗತಿಯಲ್ಲಿ ಗದ್ದಲ ಎದ್ದಾಗ ತಡೆಯಲಾಗಲಿಲ್ಲ. "ಎಲ್ಲಾರೂ ಕೆಳಗ ಕುಂದರ್ರಿ! ಕಣ್ಣ ಮುಚ್ಚರಿ! ಕೈ ನೆಲಕ್ಕ ಇಡ್ರಿ! ಯಾರರೆ ಅಲುಗಾಡಿದ್ರ ನೋಡ್ರಿ ಮತ್ತ!" ಎಂದು ಗುಡುಗಿದೆ. ಎಲ್ಲರೂ ಗಪ್‌ಚಿಪ್.

"ಟೀಚರ್ರಿ, ನೆಲಾ ನಡುಗ್ಲಾಕತ್ತದ್ರಿ." ಅದೇ ಹುಡುಗಿ.

"ಬಾಯಿ ಮುಚ್ಚು" ಎಂದವಳೇ ನಾನೂ ಬಗ್ಗಿ ಅಂಗೈ ಇಟ್ಟೆ. ಅಬ್ಬಾ! ಮಲಗಿದ ಬೆಕ್ಕಿನ ಹೊಟ್ಟೆಯ ಹಾಗೆ ನೆಲದ ಕಲ್ಲು ಮೆಲ್ಲಗೆ ಅದುರುತ್ತಿತ್ತು. ಸ್ವಲ್ಪ ಹೊತ್ತಿಗೆ ದೂರದಲ್ಲಿ ಕೂಗು ಕೇಳಿತು. ಗಾಡಿ ಕಿವಿಗೆ ಬರುವ ಮೊದಲೇ ನಮ್ಮ ಅಂಗೈಗೆ ಬಂದಿತ್ತು.

ಅಂದಿನಿಂದ ಅದೇ ಆಟ. ಕೊನೆಯ ಡಬ್ಬಿ ಹೋಗುವ ತನಕ ಕಣ್ಣು ತೆರೆಯುವಂತಿಲ್ಲ. ಆಮೇಲೆ ಪ್ರತಿಯೊಬ್ಬರೂ ಆ ಗಾಡಿಯ ಬಗ್ಗೆ ಬೇರೆ ಯಾರೂ ಹೇಳದ ಒಂದು ಸಂಗತಿ ಹೇಳಬೇಕು. ಮೊದಮೊದಲು ಮಕ್ಕಳು ಯಾವ ಗಾಡಿ ಬಂದರೂ "ಸಿಮೆಂಟ್ ಗಾಡಿ!" ಎಂದೇ ಒದರುತ್ತಿದ್ದವು. ಮನೆಯಲ್ಲಿ ಅಪ್ಪ, ಕಾಕಾ ಎಲ್ಲರೂ ಫ್ಯಾಕ್ಟರಿಗೆ ಹೋಗುವವರು. ಲೋಕದಲ್ಲಿ ಗಾಡಿ ಹುಟ್ಟಿದ್ದೇ ಸಿಮೆಂಟಿಗೆ ಎಂದು ತಿಳಿದಿದ್ದವು. ಅದು ಪ್ಯಾಸೆಂಜರ್ ಎಂದು ನಾನು ಹೇಳಿದರೆ ಒಬ್ಬ ಬಿಡಲಿಲ್ಲ, "ಮಂದಿ ಚೀಲದ ಮ್ಯಾಲ ಕುಂತಿರ್ತಾರ್ರಿ" ಎಂದ. ನಕ್ಕು ನಕ್ಕು ಸಾಕಾಯಿತು. ಆದರೆ ಬರಬರುತ್ತ ತುಂಬಿದ ಗಾಡಿ ನೆಲ ಅಲ್ಲಾಡಿಸುತ್ತದೆ, ಖಾಲಿ ಗಾಡಿ ಬರೀ ಸದ್ದು ಮಾಡುತ್ತದೆ ಎಂದು ತಾವೇ ಕಂಡುಕೊಂಡವು. ಗಾಡಿ ಹೋದ ಮೇಲೂ ಛಾವಣಿಯ ತಗಡು ಇನ್ನೂ ನಡುಗುತ್ತಿರುತ್ತದೆ ಎಂದು ಐನಾಪುರದವಳು ಹಿಡಿದಳು. ಆ ನಡುಕ ನಿಲ್ಲುವುದನ್ನು ಎಲ್ಲರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಆ ಮೌನದಲ್ಲಿ ನಾನು ಮೆಲ್ಲಗೆ ಪುಸ್ತಕ ತೆರೆಯುತ್ತಿದ್ದೆ. ಅವಳು ಎಡವದೆ ಇಡೀ ಸಾಲು ಓದಿದ ದಿನ ನಾನು ಕುಣಿಯುವುದೊಂದು ಬಾಕಿ.

ಕಟ್ಟುವ ಗೌಂಡಿ ಸಿಗದೆ ಕಲ್ಲು ಮಾತ್ರ ಗೋಡೆಗೆ ಒರಗಿಯೇ ಇದ್ದವು. ಕೊನೆಗೆ ಹೆಡ್‌ಮಾಸ್ತರರ ಮುಂದೆ ಹೋಗಿ ನಿಂತೆ. "ಸರ್ರಿ, ಒಂದೇ ಒಂದು ಗಾಡಿಗಿ ನಮ್ಮ ಕೂಡ ಕುಂದರ್ರಿ. ಆಮ್ಯಾಲ ಬೇಕಾದ್ರ ಮುಚ್ಚರಿ, ನಾ ಏನೂ ಅನ್ನಂಗಿಲ್ಲ."

"ಆತು ಬಿಡ್ರಿ. ನಾಳಿಗಿ ಗೌಂಡಿನೂ ಬರ್ತಾನ, ಎರಡೂ ಕೆಲಸ ಆಗ್ತಾವ."

ಮರುದಿನ ಅವರು ಪ್ಯಾಂಟು ಏರಿಸಿಕೊಂಡು ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ಎಲ್ಲರ ಕಣ್ಣು ಮುಚ್ಚಿದವು. ಆದರೆ ಗಾಡಿ? ಬರಲೇ ಇಲ್ಲ! ಬೇಡವಾದಾಗ ಮೈಮೇಲೆ ಬರುವ ಗಾಡಿ ಇವತ್ತು ಎಲ್ಲಿ ಸತ್ತಿತ್ತೋ! ಬಸವಣ್ಣ, ಮಾನ ಕಾಪಾಡಪ್ಪಾ ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಹೊತ್ತು ಹೋಯಿತು. ಒಂದು ಮಗುವೂ ಮಿಸುಕಲಿಲ್ಲ. ಹೆಡ್‌ಮಾಸ್ತರರು ಒಂದು ಕಣ್ಣು ತೆರೆದು ಸುತ್ತ ನೋಡಿದರು, ನಾನು ನೋಡುತ್ತಿರುವುದು ಕಂಡು ಗಕ್ಕನೆ ಮುಚ್ಚಿಕೊಂಡರು.

ಹೊರಗೆ ಜಲ್ಲಿಯ ಮೇಲೆ ಹೆಜ್ಜೆ ಸದ್ದಾಯಿತು. ಹುಡುಗಿಯ ಹುಬ್ಬು ಮೇಲೇರಿತು, ಕಣ್ಣು ತೆರೆಯಲಿಲ್ಲ. ಅವಳಪ್ಪ ಹಳಿ ಬಿಟ್ಟು ಕೆಳಗಿಳಿದು ಕಿಟಕಿಗೆ ಬಂದಿದ್ದ. ಕರೆಯಲು ಬಾಯಿ ತೆರೆದವನು ನಾನು ತುಟಿಯ ಮೇಲೆ ಬೆರಳಿಟ್ಟದ್ದನ್ನು ನೋಡಿ ತಾನೂ ಹಾಗೇ ಬೆರಳಿಟ್ಟುಕೊಂಡು ನಿಂತ.

ಅಷ್ಟರಲ್ಲಿ ಬಾಗಿಲಲ್ಲಿ ಗೌಂಡಿ. "ಸರ್ರಿ, ಕಿಡಕಿಗಿ ಕಲ್ಲು ಹಚ್ಚಲೇನ್ರಿ?"

ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡೇ, ಅಂಗೈ ನೆಲದಿಂದ ಎತ್ತದೆ, ಗದರಿದರು: "ಏ, ಸುಮ್ಮ್ ನಿಂದರೋ ಮಾರಾಯಾ! ಗಾಡಿ ಬರ್ಲಾಕತ್ತದ!"

ಬಂತು. ಹೋಯಿತು. ತಗಡಿನ ನಡುಕವೂ ನಿಂತಿತು. "ತುಂಬಿದ ಗಾಡಿರಿ" ಎಂದು ಹೆಡ್‌ಮಾಸ್ತರರೇ ಮೊದಲು ಹೇಳಿಬಿಟ್ಟರು, ಮಕ್ಕಳಿಗಿಂತ ಅವಸರ ಅವರಿಗೆ. ಹುಡುಗಿಯ ಸರದಿ ಬಂದಾಗ ಅವಳು ಕಿಟಕಿಗೆ ಬೆನ್ನು ಮಾಡಿಯೇ ಕೂತು ಹೇಳಿದಳು: "ಗಾಡಿಗಿಂತ ಮೊದಲ ನಮ್ಮಪ್ಪ ಬಂದಾನ್ರಿ. ಹಿಂದ ನಿಂತಾನ."

ಹೆಡ್‌ಮಾಸ್ತರರು ಕಿಟಕಿಯತ್ತ ನೋಡಿದರು, ಅವಳತ್ತ ನೋಡಿದರು. "ಆ ಕಲ್ಲಿಂದ ಕಿಡಕಿ ಕೆಳಗ ಒಂದ್ ಕಟ್ಟಿ ಕಟ್ಟಪಾ," ಎಂದರು ಗೌಂಡಿಗೆ, "ಕುಂದರ್ಲಾಕ ಆಗ್ತದ."

ಆಗ ಅವಳು ತಿರುಗಿ ಅಪ್ಪನಿಗೆ ಕೈ ಬೀಸಿದಳು.