ಗಿರಿಜತ್ತೆಯ ಕೈ ನೀರು

ಸುಣ್ಣದ ಪುಡಿಯ ಮೇಲೆ ಬೆಳಗಿನ ಇಬ್ಬನಿ ಬಿದ್ದರೆ ಒಂದು ವಾಸನೆ ಏಳುತ್ತದೆ. ಹಸಿ ಗೋಡೆಯದೂ ಅಲ್ಲ, ಮಣ್ಣಿನದೂ ಅಲ್ಲ, ಮೂಗಿನ ತುದಿಯನ್ನು ಚುರುಕ್ಕೆನ್ನಿಸುವಂಥದ್ದು. ಮೊನ್ನೆ ವಾಕಿಂಗ್ ಹೋದಾಗ ಶಾಲೆಯ ಮೈದಾನದಲ್ಲಿ ಯಾರೋ ಕಬಡ್ಡಿ ಅಂಕಣಕ್ಕೆ ಗೆರೆ ಎಳೆಯುತ್ತಿದ್ದರು. ಅಷ್ಟೇ ಸಾಕಾಯಿತು. ನಂಜನಗೂಡಿನ ನಮ್ಮ ಮನೆ, ಹಜಾರದ ಕಂಬ, ಕಂಬಕ್ಕೊರಗಿ ಕೂತ ಅಜ್ಜಿ, ಅವಳೆದುರು ಹಿತ್ತಾಳೆ ಚೊಂಬು ಹಿಡಿದು ನಿಂತ ಗಿರಿಜತ್ತೆ, ಎಲ್ಲರೂ ಎದ್ದು ಬಂದರು. ನಿಮಗೂ ಇಂಥವರು ಇರುತ್ತಾರಲ್ಲ, ಕರೆಯದೆ ಬಂದು ಎದೆಯ ಮೇಲೆ ಕೂತುಬಿಡುವವರು.

ಗಿರಿಜತ್ತೆ ಅಪ್ಪನ ಕಿರಿಯ ತಂಗಿ, ಅಜ್ಜಿಯ ಕಡೇ ಮಗಳು. ಅಜ್ಜಿ ದಿನಾ ಬೆಳಿಗ್ಗೆ ಮಿಂದು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿ, ಅದನ್ನು ಕೊರಳಿನ ಬೆಳ್ಳಿ ಕರಡಿಗೆಯೊಳಗೆ ಮುಚ್ಚಿಟ್ಟ ಮೇಲೆ "ಗಿರಿಜಾ, ನೀರು" ಎನ್ನುತ್ತಿದ್ದಳು. ದಿನದ ಮೊದಲ ನೀರು ಅತ್ತೆಯ ಕೈಯಿಂದಲೇ ಆಗಬೇಕು. ನನ್ನ ಅವ್ವ ತಂದರೆ "ಅಲ್ಲಿಡು" ಎನ್ನುವಳು, ಅದು ಅಲ್ಲೇ ಇರುತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲರ ಕೊರಳಲ್ಲೂ ಶಿವದಾರ, ಅದರ ತುದಿಗೆ ಕರಡಿಗೆ. ಮಲಗಲಿ, ಈಜಲಿ, ಹೆರಲಿ, ಮೈಯಿಂದ ಅದನ್ನು ಅಗಲಿಸುವಂತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ವರ್ಷ ಊರಿಗೆ ಚಳಿಗಾಲದ ಕ್ರೀಡೋತ್ಸವ ಬಂತು. ಟೀವಿಯಲ್ಲಿ ಹಿಮದ ಮೇಲೆ ಜಾರುವವರನ್ನು ಕಂಡಿದ್ದ ನಾನು "ನಮ್ಮೂರಿಗೆ ಹಿಮ ಎಲ್ಲಿಂದ ತತ್ತಾರೆ?" ಎಂದು ಕೇಳಿ ಅಪ್ಪನಿಂದ ತಲೆಗೆ ಮೊಟಕಿಸಿಕೊಂಡೆ. ಹಿಮವಿಲ್ಲ, ಮಾಗಿಯ ಚಳಿ ಮಾತ್ರ. ಕಬಡ್ಡಿ, ಖೊಖೊ, ಕುಸ್ತಿ, ಓಟ. ಆದರೇನು, ಅಬ್ಬಬ್ಬಾ ಆ ಸಡಗರ! ಕಂಬ ಕಂಬಕ್ಕೂ ಸೀರಿಯಲ್ ಲೈಟು, ಬೆಳಗಾಗುವ ಮೊದಲೇ ಕಿರುಚುವ ಮೈಕು, ಕಪಿಲೆಯ ಸೋಪಾನಕಟ್ಟೆಯಲ್ಲಿ ನಡುಗುತ್ತಾ ಮೈ ತೊಳೆಯುವ ಪರ ಊರಿನ ಹುಡುಗರು. ಆಟಗಾರರನ್ನು ಇಳಿಸಲು ಜಾಗ ಸಾಲದೆ ಮನೆ ಮನೆಗೂ ಹಂಚಿದರು. ನಮ್ಮ ಪಾಲಿಗೆ ಬಂದವರು ಧಾರವಾಡದ ಕಡೆಯ ಕಬಡ್ಡಿ ಹುಡುಗಿಯರು.

ಅಜ್ಜಿ ಆ ಹುಡುಗಿಯರಿಗೆ ಮನಸೋತುಹೋದಳು. ಸೊಗಡಿನ ಅವರೆಕಾಯಿ ಸುಲಿಸಿ ಸಾರು ಮಾಡಿಸಿದಳು. ಅವರು ಮುದ್ದೆಯನ್ನು ನೋಡಿ "ಇದನ್ನ ಹೆಂಗ ತಿನ್ನೂದ್ರೀ ಅಜ್ಜಿ?" ಎಂದರೆ "ಅಗೀಬ್ಯಾಡ ಕಣವ್ವ, ನುಂಗು" ಎಂದು ತಾನೇ ಮುರಿದು ಬಾಯಿಗಿಟ್ಟಳು. ಊದಿದ ಮಂಡಿಗಳಿಗೆ ಹರಳೆಣ್ಣೆ ತಿಕ್ಕಿದಳು. ಅವರ ಜಾತಿ ಕೇಳಲಿಲ್ಲ, ಕೊರಳು ನೋಡಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರಲ್ಲ, ಆ ಗಾದೆ ನಮ್ಮ ಮನೆಯ ಕಂಬಕ್ಕೊರಗಿ ಕೂತಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಫೈನಲ್ ಬಿದ್ದದ್ದು ಅವರಿಗೂ ನಮ್ಮೂರಿನ ಹುಡುಗಿಯರಿಗೂ. ನಮ್ಮ ಕಡೆ ಮುಂಚೂಣಿಯವಳು ಗಿರಿಜತ್ತೆ. ಮೈದಾನವನ್ನೇ ಕಾಣದಿದ್ದ ಅಜ್ಜಿಯನ್ನು ಆ ಹುಡುಗಿಯರೇ ಎಳೆದು ತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಆಟ ಅರ್ಧಕ್ಕೆ ಬಂದಿತ್ತು. ಅತ್ತೆಯನ್ನು ಹಿಡಿಯಲು ಒಬ್ಬಳು ಎಗರಿದಳು. ಅತ್ತೆ ಬನಿಯನ್ನಿನೊಳಗೆ ಬಿಗಿದು ಕಟ್ಟಿದ್ದ ಕರಡಿಗೆ ಹೊರಗೆ ಜಾರಿ ಎಗರಿದವಳ ತುಟಿಗೆ ಬಡಿಯಿತು. ರಕ್ತ ಬಂತು. ಅಂಪೈರು ಸೀಟಿ ಊದಿದರು.

"ಕೊರಳಲ್ಲಿರೋದ ತೆಗಿಯಮ್ಮ."

"ಅದು ಲಿಂಗ ಸಾ, ತೆಗಿಯಂಗಿಲ್ಲ."

"ಹಂಗಾದ್ರೆ ಆಚೆ ಕೂತ್ಕೊ."

ತುಟಿ ಒಡೆದ ಹುಡುಗಿಯೇ "ನನಗೇನೂ ಆಗಿಲ್ಲ, ಇರಲಿ ಬಿಡ್ರೀ ಸರ" ಎಂದಳು. ಯಾರು ಕೇಳುತ್ತಾರೆ? ಊರಿಗೆ ಊರೇ ಎದ್ದು ನಿಂತು "ತೆಗಿಯೇ ಗಿರಿಜಾ, ತೆಗಿ! ಊರಿನ ಮಾನ ಕಣೇ!" ಎಂದು ಕೂಗಿತು. ನಮ್ಮ ಬೀದಿಯವರೇ ಹೆಚ್ಚು ಕೂಗಿದರು. ಅತ್ತೆ ಅಜ್ಜಿಯ ಕಡೆ ನೋಡಲೇ ಇಲ್ಲ. ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಕಣ್ಣಿಗೊತ್ತಿ, ನನ್ನ ಅವ್ವನ ಸೆರಗಿಗೆ ಹಾಕಿದಳು. ಆಮೇಲೆ ಹೇಗೆ ಆಡಿದಳೋ! ನಾವು ಗೆದ್ದೆವು. ಬಹುಮಾನದ ಕಪ್ಪು ಹಿಡಿದ ಅತ್ತೆಯನ್ನು ಹೆಗಲ ಮೇಲೆ ಹೊತ್ತಾಗ ಅಜ್ಜಿಯ ಕುರ್ಚಿ ಖಾಲಿಯಿತ್ತು.

ಮನೆಗೆ ಬಂದಾಗ ಅಜ್ಜಿ ಕಂಬಕ್ಕೊರಗಿ ಕೂತಿದ್ದಳು. ಅತ್ತೆ ಕಾಲು ತೊಳೆದು, ಲಿಂಗಕ್ಕೆ ನೀರೆರೆದು ಪೂಜೆ ಮಾಡಿ ಕೊರಳಿಗೆ ಹಾಕಿಕೊಂಡು, ಚೊಂಬು ತುಂಬಿ ತಂದು ಮುಂದೆ ಹಿಡಿದಳು. ಅಜ್ಜಿ ದನಿ ಏರಿಸಲಿಲ್ಲ.

"ಸತ್ತೋರ ಜೊತೆಗೂ ಲಿಂಗ ಮಣ್ಣಿಗೋಯ್ತದೆ ಕಣೇ. ನೀನು ಬದುಕಿದ್ದಂಗೇ ತೆಗ್ದೆ, ಅದೂ ಆಟಕ್ಕೆ. ನಿನ್ ಕೈ ನೀರು ಇನ್ನು ನಂಗ್ಬ್ಯಾಡ."

ಅಳು, ಕಾಲು ಹಿಡಿಯುವುದು, ಎಲ್ಲ ಆಯಿತು. ಮಠದ ಸ್ವಾಮಿಗಳೇ ಕರೆಸಿ "ತಿರುಗಿ ಧರಿಸಿದ್ದಾಳಲ್ಲ, ಬಿಡವ್ವ" ಎಂದರು. "ಅಪ್ಪಣೆ ಬುದ್ಧಿ" ಎಂದು ಅಡ್ಡಬಿದ್ದು ಬಂದ ಅಜ್ಜಿ ಮನೆಯಲ್ಲಿ ಚೊಂಬಿನ ಕಡೆ ಕಣ್ಣೆತ್ತಲಿಲ್ಲ. ಕಪ್ಪನ್ನು ಕೊಟ್ಟಿಗೆಗೆ ಒಯ್ದು ಹಸುವಿನ ಹಿಂಡಿ ಅಳೆಯಲು ಇಟ್ಟುಕೊಂಡಳು. ಮೈದಾನದಲ್ಲಿ ಗಂಟಲು ಹರಿದುಕೊಂಡಿದ್ದ ಬೀದಿಯವರು ಜಗಲಿಗೆ ಬಂದು "ಎಂಗಾರ ತೆಗುದ್ಲೋ ಕಾಣೆ ಕಣ್ರವ್ವ" ಎಂದು ಲೊಚಗುಟ್ಟಿ, ಕಾಫಿ ಕುಡಿದು ಹೋದರು. ಅವರ ಬಾಯಿಗೆ ಮಣ್ಣು ಹಾಕ ಎಂದು ನಾನು ಈಗಲೂ ಬೈಯುತ್ತೇನೆ. ಬೇಸಿಗೆ ಬರುವಷ್ಟರಲ್ಲಿ ಅತ್ತೆಯನ್ನು ತಿರುಮಕೂಡಲು ನರಸೀಪುರಕ್ಕೆ ಮದುವೆ ಮಾಡಿ ಕಳಿಸಿದರು. ಅವಳು ಮತ್ತೆ ಆಡಲಿಲ್ಲ.

ಹಬ್ಬಕ್ಕೆ ಬಂದಾಗಲೆಲ್ಲ ಅತ್ತೆ ಮಾಡುತ್ತಿದ್ದ ಮೊದಲ ಕೆಲಸ ಚೊಂಬು ಬೆಳಗಿ ನೀರು ತುಂಬಿ ಅಜ್ಜಿಯ ಪಕ್ಕ ಇಡುವುದು. ಅಜ್ಜಿ ಮಗಳ ಯೋಗಕ್ಷೇಮ ಕೇಳುವಳು, ಮೊಮ್ಮಕ್ಕಳನ್ನು ಎತ್ತಿ ಮುದ್ದಿಸುವಳು, ತಲೆಗೆ ಹೂ ಮುಡಿಸಿ ಕಳಿಸುವಳು. ನೀರು ಮಾತ್ರ ಸಂಜೆ ತುಳಸಿ ಗಿಡದ ಬುಡಕ್ಕೆ ಹೋಗುತ್ತಿತ್ತು. ಒಂದು ಸಲ ಅಪ್ಪ ತಡೆಯಲಾರದೆ "ಅದ್ಯಾವ ಕಲ್ಲವ್ವ ನೀನು!" ಎಂದು ಅರಚಿದ. ಅಜ್ಜಿ ಎಲೆಗೆ ಸುಣ್ಣ ಸವರುತ್ತಲೇ ಇದ್ದಳು.

ಅಜ್ಜಿ ಹೋದದ್ದು ಎಷ್ಟೋ ವರ್ಷದ ಮೇಲೆ, ಅಂಥದೇ ಮಾಗಿಯಲ್ಲಿ, ನಡುಮಧ್ಯಾಹ್ನ. ಮಾತು ನಿಂತಿತ್ತು, ತುಟಿಗಳು ಒಣಗಿ ಸೀಳು ಬಿಟ್ಟಿದ್ದವು. ಒಬ್ಬೊಬ್ಬರೇ ಉದ್ಧರಣೆಯಲ್ಲಿ ಒಂದೊಂದು ತೊಟ್ಟು ನೀರು ಬಿಟ್ಟೆವು. ಅಪ್ಪ ಬಿಟ್ಟ, ಅವ್ವ ಬಿಟ್ಟಳು, ನಾನೂ ಬಿಟ್ಟೆ. ಹಕ್ಕಿಮರಿಯ ಹಾಗೆ ಬಾಯಿ ತೆರೆದು ನುಂಗಿದಳು. ಗಿರಿಜತ್ತೆ ಬಗ್ಗಿ "ಅವ್ವಾ, ನಾನು ಕಣವ್ವ, ಗಿರಿಜಾ" ಎಂದಳು. ಆ ದನಿ ಕೇಳಿದ್ದೇ ಅಜ್ಜಿಯ ಬಾಯಿ ಮುಚ್ಚಿಕೊಂಡಿತು. ನೀರು ಗಲ್ಲದ ಮೇಲಿಂದ ಕೊರಳಿಗೆ ಇಳಿದು ಕರಡಿಗೆಯನ್ನು ತೋಯಿಸಿತು. ಅತ್ತೆ ಅದನ್ನು ಸೆರಗಿನಿಂದ ಒರೆಸಿದಳು. ಅದಾದ ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.

ಆ ಮನೆ ಈಗಿಲ್ಲ. ಹಜಾರವಿದ್ದಲ್ಲಿ ಮೊಬೈಲ್ ಅಂಗಡಿಯಿದೆ, ಕಪ್ಪು ಎಲ್ಲಿ ಹೋಯಿತೋ ಗೊತ್ತಿಲ್ಲ. ಕಾರ್ಯವೆಲ್ಲ ಮುಗಿದ ದಿನ ಗಿರಿಜತ್ತೆಯನ್ನು ನರಸೀಪುರದ ಬಸ್ಸು ಹತ್ತಿಸಲು ನಾನೇ ಹೋಗಿದ್ದೆ. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಕಿಟಕಿಯ ಪಕ್ಕ ಕೂತು ತುಂಬ ಹೊತ್ತು ತನ್ನ ಅಂಗೈ ನೋಡಿಕೊಂಡಳು. ಬಸ್ಸು ಹೊರಡುವಾಗ ನನ್ನ ಕಡೆ ತಿರುಗಿದಳು.

"ಅವ್ವುಂಗೆ ಇನ್ನೂ ಬಾಯಾರಿತ್ತು ಕಣೇ. ನಾನು ನೋಡ್ದೆ."