ಆಂಟಿ ತಡೆಯಲು ಹೇಳಿದ ಬಸ್ಸು

ಮೊನ್ನೆ ಪಾಯಸಕ್ಕೆಂದು ಜಾಯಿಕಾಯಿ ತೇಯುತ್ತಿದ್ದೆ. ಆ ಘಾಟು ಮೂಗಿಗೆ ಹತ್ತಿದ್ದೇ, ಹ್ಯೂಸ್ಟನ್ನಿನ ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಪಕ್ಕದ ಮನೆಯ ಆಂಟಿ ಎದುರು ಬಂದು ನಿಂತಂತಾಯಿತು...

ಹುಬ್ಬಳ್ಳಿಯವರು. ಕಾರು ಓಡಿಸಲು ಕಲಿಯಲೇ ಇಲ್ಲ. ಬಸ್ಸಿಲ್ಲದ್ದೂ ಒಂದು ಊರೇ ಎಂದು ಟೆಕ್ಸಸ್ಸನ್ನು ಬೈಯುತ್ತಿದ್ದರು. ಇಪ್ಪತ್ತು ವರ್ಷಗಳ ಹಿಂದೆ, ಒಂದು ಸೆಪ್ಟೆಂಬರಿನಲ್ಲಿ, ನಾವಿಬ್ಬರೂ ಕೆರಿಬಿಯನ್ನಿನ ಪುಟ್ಟ ದ್ವೀಪವೊಂದಕ್ಕೆ ಹೋದೆವು. ಅಲ್ಲಿ ಊರೂರಿಗೂ ವ್ಯಾನಿನಂಥ ಬಸ್ಸುಗಳು. ಎಲ್ಲಿಗೆಂದು ಕೇಳದೆ ಆಂಟಿ ಹತ್ತಿಬಿಡುತ್ತಿದ್ದರು. ಪಕ್ಕದವರೊಡನೆ ಕನ್ನಡದಲ್ಲೇ ಮಾತು.

ಕೊನೆಯ ದಿನದ ಬಸ್ಸಿನಲ್ಲಿ ಹಾಡಿರಲಿಲ್ಲ. ದಿನವೂ ಹಾಡು ಹಾಕುತ್ತಿದ್ದ ಡ್ರೈವರ್ ರೇಡಿಯೋದಲ್ಲಿ ಬಿರುಗಾಳಿಯ ಸುದ್ದಿ ಕೇಳುತ್ತಿದ್ದ. ಜನರ ಕಾಲ ಬಳಿ ಹಲಗೆ, ಮೊಳೆ, ಮೇಣದಬತ್ತಿ. ಆಂಟಿಯ ಪಕ್ಕ ಕೂತ ಮುದುಕಿಯೊಬ್ಬಳು ಚೀಲದಿಂದ ಒಂದು ಹಿಡಿ ಜಾಯಿಕಾಯಿ ತೆಗೆದು ಅವರ ಕೈಗೆ ಹಾಕಿದಳು. ಕಡೆಯ ಸ್ಟಾಪಿನಲ್ಲೇ ಅವಳ ಮನೆ: ತಗಡಿನ ಸೂರು, ಹಿಂದೆಯೇ ಸಮುದ್ರ. ನೀರು ಸೀಸದ ಬಣ್ಣಕ್ಕೆ ತಿರುಗಿತ್ತು. ಒಂದು ಹಕ್ಕಿಯೂ ಇರಲಿಲ್ಲ. ಪೇಟೆಗೆ ಮರಳುವ ಕೊನೆಯ ಬಸ್ಸು ಇದೇ ಎಂದು ಡ್ರೈವರ್ ಕೂಗಿದ.

ಆಂಟಿ, ಇಳಿದು ನಿಂತ ಮುದುಕಿಯ ಕೈ ಹಿಡಿದು, "ಬಾರವ್ವಾ, ನಮ್ಮ ಜೋಡಿ ಬಾ" ಎಂದರು.

ಭಾಷೆ ತಿಳಿಯದಿದ್ದರೂ ಅವಳಿಗೆ ಅರ್ಥವಾಯಿತು. ಬಸ್ಸಿನ ಮೆಟ್ಟಿಲವರೆಗೂ ಬಂದಳು. ಆಮೇಲೆ ಏನೋ ನೆನಪಾಗಿ, ಕಟ್ಟಿಹಾಕಿದ ಆಡುಗಳನ್ನು ಬಿಚ್ಚಿ ಬರುವೆನೆಂದು ಸನ್ನೆ ಮಾಡಿ ಮನೆಯ ಹಿಂದಕ್ಕೆ ಹೋದಳು. ಡ್ರೈವರ್ ಕಾದ. ಹಾರ್ನ್ ಒತ್ತಿದ. ಮಳೆ ಶುರುವಾಯಿತು. ಬಸ್ಸು ಹೊರಟೇಬಿಟ್ಟಿತು.

"ತಡೀರಿ... ಆಕಿ ಬರಾಕತ್ತಾಳ್ರಿ."

ಆಂಟಿ ಸೀಟು ಬಡಿಯುತ್ತಲೇ ಇದ್ದರು. ಹಿಂದಿನ ಗಾಜಿನಲ್ಲಿ ನನಗೆ ಯಾರೂ ಕಾಣಲಿಲ್ಲ.

ನಾವು ಮರುದಿನ ಬೆಳಗಿನ ವಿಮಾನ ಹತ್ತಿ ಬಂದೆವು. ಆಮೇಲೆ ಟೀವಿಯಲ್ಲಿ ದ್ವೀಪವನ್ನು ತೋರಿಸಿದರು. ಸೂರಿರುವ ಮನೆಯೇ ಕಾಣಲಿಲ್ಲ. ಇಳಿದುಕೊಂಡಿದ್ದ ಹೋಟೆಲಿಗೆ ಆಂಟಿ ಫೋನ್ ಮಾಡಿ ಮಾಡಿ ಸೋತರು. ಹೆಸರೇ ಗೊತ್ತಿಲ್ಲದವಳನ್ನು ಏನೆಂದು ವಿಚಾರಿಸುವುದು...

ಮರುವರ್ಷ ಬಿರುಗಾಳಿ ನಮ್ಮ ಕಡೆಗೇ ತಿರುಗಿತು. ಎಲ್ಲರೂ ಊರು ಬಿಡುತ್ತಿದ್ದರು; ನಾವು ಆಸ್ಟಿನ್ನಿಗೆ ಹೊರಟೆವು. ಆಂಟಿ ಕಾರು ಹತ್ತಲಿಲ್ಲ. ಕೆಳಗಿನ ಮನೆಯ ಒಂಟಿ ಮುದುಕ, ತಪ್ಪಿಸಿಕೊಂಡ ಬೆಕ್ಕನ್ನು ಬಿಟ್ಟು ಬರುವುದಿಲ್ಲವೆಂದು ಕೂತಿದ್ದ.

"ಬೆಕ್ಕು ಸಿಗೂತನಕ ನಾನೂ ಬರಂಗಿಲ್ಲ" ಎಂದರು ಆಂಟಿ.

ಆಕಾಶ ಕಪ್ಪಗಾಗುತ್ತಿತ್ತು. ಎಲ್ಲರೂ ಹುಡುಕಿದೆವು. ಅದು ಸಿಕ್ಕ ಮೇಲೆಯೇ, ಮುದುಕನನ್ನು ಮೊದಲು ಕೂರಿಸಿ, ಆಂಟಿ ತಾವು ಹತ್ತಿದ್ದು. ದಾರಿಯುದ್ದಕ್ಕೂ ಹಿಂದಿನ ಗಾಜನ್ನೇ ನೋಡುತ್ತಿದ್ದರು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹ್ಯೂಸ್ಟನ್ನಿನ ಹೊರವಲಯದ ಫುಲ್‌ಶೀರಿನ ಈ ಮನೆಯಲ್ಲಿ ಗಾಳಿ ಜೋರಾದಾಗ ನನ್ನ ಕೈ ಈಗಲೂ ಫೋನಿಗೆ ಹೋಗುತ್ತದೆ. ಆಂಟಿಯ ನಂಬರು ಈಗ ಬೇರೆ ಯಾರದೋ.