ಇನ್ನೊಬ್ಬರು ಅರೆದ ಮದ್ದು

ನೂರ್‌ಜಹಾನಳ ಮುತ್ತಜ್ಜ ಪೀರ್‌ಸಾಬ್ ಲಕ್ಷ್ಮೇಶ್ವರದ ಸುತ್ತಲ ಉರುಸುಗಳಿಗೆಲ್ಲ ಗರ್ನಾಲು ಹಾರಿಸಿದವನು. ಅವನ ಗರ್ನಾಲು ಸಿಡಿದ ದಿನ ನಾಲ್ಕು ಹಳ್ಳಿಯ ಎಮ್ಮೆಗಳು ಹಾಲು ಇಳಿಸುತ್ತಿರಲಿಲ್ಲವಂತೆ. ಅಜ್ಜ ಹುಸೇನ್‌ಸಾಬ್ ಬಲಗೈಯ ಮೂರು ಬೆರಳನ್ನು ಮದ್ದಿಗೆ ಕೊಟ್ಟು, ಉಳಿದೆರಡರಲ್ಲೇ ಇಪ್ಪತ್ತು ವರ್ಷ ಮದ್ದು ಅರೆದ. ಅಪ್ಪ ಇಮಾಮ್‌ಸಾಬ್ ಹತ್ತು ಬೆರಳನ್ನೂ ಉಳಿಸಿಕೊಂಡು ಮಣ್ಣಿಗೆ ಹೋದ. ಆ ಮನೆತನದಲ್ಲಿ ಅದೇ ದೊಡ್ಡ ಸಾಹಸ. ಮೂವರೂ ಒಂದು ಕಟ್ಟು ಮಾತ್ರ ಮುರಿದವರಲ್ಲ. ಮದ್ದು ಅರೆದವನೇ ಬತ್ತಿಗೆ ಬೆಂಕಿ ಇಡಬೇಕು. ಇನ್ನೊಬ್ಬ ಅರೆದದ್ದಕ್ಕೆ ಯಾರೂ ಕೈ ಹಾಕಬಾರದು.

ಆ ಕಟ್ಟನ್ನು ಮುರಿದವನು ಮನೆಯ ಅಳಿಯ, ನೂರ್‌ಜಹಾನಳ ಗಂಡ ಮುಆಜ್.

ವಿಲಾಯತಿಯ ಕೊವೆಂಟ್ರಿಯಲ್ಲಿ ಕಾರು ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅವನಿಗೆ ಗುರಿ ಹೊಡೆಯುವ ಕ್ಲಬ್ಬಿನ ಹುಚ್ಚು ಹಿಡಿಯಿತು. ಹಳೆಯ ರೈಫಲ್ ಒಂದನ್ನು ಕೊಂಡ. ಅದಕ್ಕೆ ಬೇಕಾದ ತೋಟಾ ಮಾಡುವುದನ್ನು ಕಂಪನಿಯವರು ಅವನು ಹುಟ್ಟುವ ಮೊದಲೇ ಬಿಟ್ಟಿದ್ದರು. ಖಾಲಿ ತೋಟಾಕ್ಕೆ ತಾನೇ ಮದ್ದು ತುಂಬಿಕೊಳ್ಳಬೇಕು, ಎಷ್ಟು ತುಂಬಬೇಕೆಂದು ಯಾವ ಪುಸ್ತಕದಲ್ಲೂ ಅಚ್ಚಾಗಿರಲಿಲ್ಲ. ಅಂಥದೇ ರೈಫಲ್ ಇದ್ದವರು ಕ್ಲಬ್ಬಿನಲ್ಲಿ ಇನ್ನೊಬ್ಬರೇ: ಮೈಸೂರಿನಿಂದ ಬಂದು ಲೆಸ್ಟರ್‌ನಲ್ಲಿ ಸಾಮಾನ್ಯ ವೈದ್ಯರಾಗಿದ್ದ ಡಾಕ್ಟರ್ ರಾಮಮೂರ್ತಿ. ಅವರು ಔಷಧಿ ಚೀಟಿಯ ಬೆನ್ನಿಗೆ ಒಂದು ಅಂಕಿ ಗೀಚಿ, “ನನ್ನದರಲ್ಲಿ ಬೆಣ್ಣೆ ಥರ ಹೋಗತ್ತೆ, ಧೈರ್ಯವಾಗಿ ಹಾಕಿ” ಎಂದರು. ಮುಆಜ್ ಅಷ್ಟನ್ನೇ ತುಂಬಿದ. ಮೊದಲ ಗುಂಡಿಗೇ ತೋಟಾದ ಬುಡ ಸೀಳಿ, ಬೆಂಕಿಯ ಉಸಿರೂ ಹಿತ್ತಾಳೆಯ ಚೂರೂ ಹಿಂದಕ್ಕೆ ಹಾರಿ ಎರಡು ಕಣ್ಣನ್ನೂ ತಿಂದವು. ಅದು ೨೦೧೧.

ಮುಆಜ್ ಎರಡು ಸಲ ಮದ್ದು ಸುರಿದುಕೊಂಡಿರಬೇಕು ಎಂದು ರಾಮಮೂರ್ತಿ ಆಸ್ಪತ್ರೆಯಲ್ಲೇ ಹೇಳಿದರು. ಕ್ಲಬ್ಬಿನಲ್ಲೂ ಹೇಳಿದರು. ಮಾತು ಲೆಸ್ಟರ್‌ನ ಅಂಗಡಿಗಳಲ್ಲಿ ಸುತ್ತಾಡಿ, “ಕಣ್ಣಿದ್ದಾಗಲೂ ಕುರುಡನೇ” ಎಂಬ ಬಾಲ ಬೆಳೆಸಿಕೊಂಡು ಮನೆಗೆ ಬಂತು. ಕೊನೆಗೆ ಮುಆಜನೇ ಅದನ್ನು ನಂಬಿದ. ಕುರ್ಚಿಯಲ್ಲಿ ಕೂತು, ಗಾಳಿಯಲ್ಲಿ ಚಮಚ ಬಗ್ಗಿಸಿ, ಒಂದಾ ಎರಡಾ ಎಂದು ಎಣಿಸುತ್ತಿದ್ದ. ಹೆಂಡತಿ ಸಮಾಧಾನ ಹೇಳಲಿಲ್ಲ. ಗೊತ್ತಿಲ್ಲದ್ದನ್ನು ಹೇಳುವ ಜಾತಿಯವಳಲ್ಲ ಅವಳು. ಅದು ಒಂದೋ ಎರಡೋ ಎಂದು ತಿಳಿಯಲೇಬೇಕೆಂದು ಹಲ್ಲು ಕಚ್ಚಿದಳು.

ಅವಳೂ ಬರೀ ಕೈಯವಳಲ್ಲ. ಕಾರ್ಖಾನೆಯ ತಪಾಸಣಾ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ, ಕಾಗದದ ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್ ಹಿಡಿದವಳು. ತನ್ನ ಹೆಸರಿಗೆ ಬಂದೂಕಿನ ಲೈಸೆನ್ಸಿಗೆ ಎರಡು ವರ್ಷ ಅಲೆದಳು. ಮನೆಗೆ ಬಂದ ಪೊಲೀಸಿನವನು, ಕುರುಡ ಗಂಡನನ್ನೂ ಅವಳನ್ನೂ ನೋಡಿ, ಇದೆಲ್ಲ ಯಾಕೆ ಎಂದು ಕೇಳಿದ. ಅಳತೆ ಮಾಡಲಿಕ್ಕೆ ಎಂದಳು. ರೈಫಲನ್ನು ಬರ್ಮಿಂಗ್‌ಹ್ಯಾಮ್‌ನ ಬಂದೂಕು ರಿಪೇರಿಯವನೊಬ್ಬನಿಂದ ಬಿಚ್ಚಿಸಿ, ಪರೀಕ್ಷೆ ಮಾಡಿಸಿ ತಂದಳು. ಆಮೇಲೆ ರಾಮಮೂರ್ತಿಯ ಚೀಟಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿ, ತೀರಾ ಕೆಳಗಿನ ಅಳತೆಯಿಂದ ಶುರು ಮಾಡಿದಳು. ರೈಫಲನ್ನು ಟೈರಿಗೆ ಕಟ್ಟಿ, ಗೋಡೆಯ ಹಿಂದೆ ನಿಂತು ಹಗ್ಗ ಎಳೆಯುವಳು. ಹಾರಿಸಿದ ತೋಟಾದ ಬುಡವನ್ನು ಅಳೆದು ಬರೆಯುವಳು. ಸಾಸಿವೆಯಷ್ಟು ಏರಿಸುವಳು. ಚಳಿಗೊಮ್ಮೆ, ಸೆಕೆಗೊಮ್ಮೆ. ಕ್ಲಬ್ಬಿನವರು ಅವಳಿಗೆ ‘ಹಗ್ಗದಜ್ಜಿ’ ಎಂದು ಹೆಸರಿಟ್ಟರು.

೨೦೧೫ರ ಚೈತ್ರದಲ್ಲಿ ಒಂದು ತೋಟಾದ ಬುಡ ಕೂದಲೆಳೆಯಷ್ಟು ಉಬ್ಬಿತು, ಇದರಾಚೆ ಸೀಳುತ್ತದೆಂಬ ಗುರುತು. ಅವಳು ಅಲ್ಲಿಗೆ ನಿಲ್ಲಿಸಿ ಡಬ್ಬಿ ತೆರೆದಳು. ಚೀಟಿಯ ಅಂಕಿ ಇನ್ನೂ ಏಳು ಮೆಟ್ಟಿಲು ಮೇಲಿತ್ತು. ಒಂದೇ ರೂಪದ ರೈಫಲ್ಲುಗಳಾದರೂ ಇದರಲ್ಲಿ ಗುಂಡು ಹಾಯುವ ಗಂಟಲು ಇಕ್ಕಟ್ಟು. ರಾಮಮೂರ್ತಿಯದಕ್ಕೆ ಬೆಣ್ಣೆಯಾದದ್ದು ಇದಕ್ಕೆ ವಿಷ. ಬುಡ ಸೀಳಲು ಆ ಅಂಕಿ ಒಂದೇ ಸಲಕ್ಕೆ ಸಾಕಿತ್ತು, ಎರಡು ಸಲ ಸುರಿದಿದ್ದರೆ ರೈಫಲ್ಲೇ ಉಳಿಯುತ್ತಿರಲಿಲ್ಲ.

ಭಾನುವಾರ ಗಂಡನನ್ನೂ ಕರೆದುಕೊಂಡು ಹೋಗಿ ಕ್ಲಬ್ಬಿನ ಚಹಾದ ಮೇಜಿನ ಮೇಲೆ ಖಾಲಿ ತೋಟಾಗಳನ್ನು ಸಾಲಾಗಿ ನಿಲ್ಲಿಸಿದಳು. ಮೈಕ್ರೋಮೀಟರನ್ನು ರಾಮಮೂರ್ತಿಯ ಕೈಗೇ ಕೊಟ್ಟು ಅಳೆಯಿಸಿದಳು. ಪಕ್ಕದಲ್ಲಿ ಚೀಟಿಯಿಟ್ಟಳು. ಕೊನೆಯ ತೋಟಾ ಅಳೆದು ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಳ್ಳಲಿಲ್ಲ.

ಮುಆಜ್ ಮೆಲ್ಲಗೆ ಕೇಳಿದ, “ಹಾಗಾದ್ರೆ ನನ್ನ ತಪ್ಪಲ್ಲ, ಅಲ್ವಾ?”

“ಒಂದೇ ಸಲ ತುಂಬಿದ್ರಿ. ಆದ್ರೆ ಇನ್ನೊಬ್ಬರ ಅಂಕಿ ಅಂದ್ರೆ ಇನ್ನೊಬ್ಬರು ಅರೆದ ಮದ್ದೇ. ಅದಕ್ಕೆ ಬೆಂಕಿ ಇಟ್ರಲ್ಲ, ಆ ತಪ್ಪು ನಿಮ್ದೇ” ಎಂದಳು ನೂರ್‌ಜಹಾನ್.

ಅವನ ಮುಖದಲ್ಲಿ ಆಗ ತಾನೇ ಹತ್ತಿದ ಬೆಳಕು ಹಾಗೇ ಆರಿತು.

ರಾಮಮೂರ್ತಿ ಕಾರಿನವರೆಗೂ ಹಿಂದೆ ಬಂದರು. ತಾನೇ ಎಲ್ಲರೆದುರು ನಿಜ ಹೇಳುತ್ತೇನೆಂದರು. ಮ್ಯಾಂಚೆಸ್ಟರಿನಲ್ಲಿ ತನ್ನ ಗೆಳೆಯ ದೊಡ್ಡ ಕಣ್ಣಿನ ಡಾಕ್ಟರು, ಮುಆಜನನ್ನು ತಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ, ಇಷ್ಟಾದರೂ ಸಹಾಯ ಮಾಡಲು ಬಿಡಿ ಎಂದು ಕೈಮುಗಿದರು.

ನೂರ್‌ಜಹಾನ್ ಗಂಡನ ಬೆಲ್ಟು ಬಿಗಿದು ಬಾಗಿಲು ಹಾಕಿದಳು.

“ಬೇಡ ಡಾಕ್ಟ್ರೇ. ನಿಮ್ಮ ಸಹಾಯ ಒಂದು ಸಲ ನಮ್ಮನೆಗೆ ಬಂದು ಹೋಗಿದೆ. ಈಗ ಮನೇಲಿ ಉಳಿದಿರೋದು ನನ್ನ ಎರಡು ಕಣ್ಣು ಅಷ್ಟೇ. ಮದ್ದಿನ ತಕ್ಕಡಿ ನೋಡೋಕೆ ಬೇಕು ನನಗವು.”